ಪರಿಮಳದ ಪುಟ ಬಿಡಿಸಿದವರಿಗಷ್ಟೇ ಸಿಗಲಿ: ಪತ್ರಿಕೆಗಳ ಪ್ರಕಾಶಕರಿಗೂ ಅಂಚೆ ಇಲಾಖೆಗೂ ಬಹಿರಂಗ ಪತ್ರ

ಮಾನ್ಯರೇ,

ಯುಗಾದಿ, ದೀಪಾವಳಿ ವಿಶೇಷಾಂಕಗಳಿಗೆ ಜಾಹೀರಾತು ಹಿಡಿಯುವ ಕಾಲದಲ್ಲಿ ನಿಮ್ಮ ಜಾಹೀರಾತು ವಿಭಾಗಕ್ಕೆ ಒಂದು ಬೇಡಿಕೆ ಬರುವುದುಂಟು: ನಮ್ಮ ಪುಟ ಕಣ್ಣಿಗೆ ಕಂಡರೆ ಸಾಲದು, ಘಮ್ಮೆನ್ನಬೇಕು. ಸೆಂಟಿನ ಕಂಪನಿಯವರೋ ಊದುಬತ್ತಿಯವರೋ ಸಾಬೂನಿನವರೋ ಹೀಗೆ ಕೇಳಿದಾಗ ಹೂಂ ಅನ್ನುವುದು ಸುಲಭ. ಪುಟದ ದರ ಹೆಚ್ಚು ಸಿಗುತ್ತದೆ, ಓದುಗರಿಗೂ ಹೊಸತು. ಆಮೇಲೆ ಆ ಕೆಲಸ ಪ್ರೆಸ್ಸಿಗೆ ಬರುತ್ತದೆ, ಬೈಂಡಿಂಗಿಗೆ ಹೋಗುತ್ತದೆ, ಬಂಡಲ್ ಕಟ್ಟುವವರ ಕೈ ದಾಟಿ ಏಜೆಂಟರ ಗೋಡೌನಿಗೂ ಅಂಚೆಯ ಚೀಲಕ್ಕೂ ಸೇರುತ್ತದೆ. ದಾರಿಯುದ್ದಕ್ಕೂ ಪರಿಮಳ ಸೋರುತ್ತಲೇ ಇದ್ದರೂ ಕೇಳುವವರಿಲ್ಲ.

ಈ ಪತ್ರ ಬರೆಯುತ್ತಿರುವ ನಾವು ಆಫ್‌ಸೆಟ್ ಮುದ್ರಣ, ಬೈಂಡಿಂಗ್ ಮತ್ತು ಸುಗಂಧದ ಕಾಂಪೌಂಡ್ (ಹಲವು ಪರಿಮಳವಸ್ತುಗಳ ಮಿಶ್ರಣ) ತಯಾರಿಕೆಯ ಕೆಲಸ ಬಲ್ಲವರು. ನಮ್ಮ ಕೋರಿಕೆ ಒಂದೇ. ಅಂಟಿಸಿದ ಮಡಿಕೆಯೊಳಗೆ ಪರಿಮಳದ ಮಾದರಿ ಇರುವ ಪತ್ರಿಕೆ, ಓದುಗ ತಾನಾಗಿ ಆ ಮಡಿಕೆ ಬಿಡಿಸುವವರೆಗೆ, ವಾಸನೆ ಬಿಡಬಾರದು. ಹಾಗೆ ಬಿಗಿಯಾಗಿ ಮುಚ್ಚಿದ ಮಾದರಿಯನ್ನು ಮಾತ್ರ ಪ್ರಕಾಶಕರು ಒಪ್ಪಿಕೊಳ್ಳಬೇಕು, ಅಂಥದ್ದನ್ನು ಮಾತ್ರ ಅಂಚೆ ಇಲಾಖೆ ಸಾಗಿಸಬೇಕು.

ಇಂಥ ಪರಿಮಳದ ಮಡಿಕೆ, ಅಂದರೆ ಸೆಂಟ್ ಪಟ್ಟಿ, ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಆ ಕೆಲಸದ ಮೇಲೆ ನಮಗೆ ನಿಜವಾದ ಪ್ರೀತಿಯಿದೆ. ದೊಡ್ಡ ಊರಿನ ಸೆಂಟಿನ ಅಂಗಡಿಯಲ್ಲಿ ಉದ್ದನೆಯ ಬಿಳಿ ಕಾಗದದ ಕಡ್ಡಿಯ ತುದಿಗೆ ಒಂದು ಸಲ ಸಿಂಪಡಿಸಿ, ಆಲ್ಕೋಹಾಲ್ ಹಾರಲಿ ಎಂದು ಹತ್ತಿಪ್ಪತ್ತು ಸೆಕೆಂಡ್ ಆಡಿಸಿ ಗಿರಾಕಿಯ ಕೈಗೆ ಕೊಡುತ್ತಾರೆ. ಆ ಅಂಗಡಿಯ ಮೆಟ್ಟಿಲು ಹತ್ತಲಾಗದ ಊರಿನವರಿಗೂ ಅದೇ ಅನುಭವವನ್ನು ಪತ್ರಿಕೆಯ ಒಂದು ಮಡಿಕೆ ತಲುಪಿಸಬಲ್ಲದು. ನಮ್ಮ ಮದುವೆ ಮನೆಗಳಲ್ಲಿ ಗಂಧ, ಅತ್ತರು ಹಿಡಿದು ನಿಂತವರ ಮುಂದೆ ಬೇಕಾದವರು ಮುಂಗೈ ಚಾಚುತ್ತಾರೆ, ಬೇಡದವರು ನಮಸ್ಕಾರ ಮಾಡಿ ಮುಂದೆ ಹೋಗುತ್ತಾರೆ. ಪತ್ರಿಕೆಯ ಓದುಗರಿಗೂ ಅಷ್ಟು ಅವಕಾಶ ಇರಬೇಕು ಅನ್ನುವುದೇ ನಮ್ಮ ವಾದ.

ಮೊದಲು ಪಟ್ಟಿಯೊಳಗೆ ಏನಿದೆ ಎಂಬುದನ್ನು ತುಸು ವಿವರವಾಗಿ ಹೇಳಬೇಕು. ಇದು ಗೊತ್ತಿಲ್ಲದೆ ಆರ್ಡರ್ ಒಪ್ಪಿಕೊಂಡಾಗಲೇ ಹೆಚ್ಚಿನ ತಪ್ಪುಗಳು ಆಗುವುದು.

ಬಾಟಲಿಯ ಸೆಂಟಿನಲ್ಲಿ ಸುಮಾರು ಮುಕ್ಕಾಲು ಪಾಲು ಆಲ್ಕೋಹಾಲೇ ಇರುತ್ತದೆ. ಅದನ್ನು ಹಾಗೇ ಕಾಗದಕ್ಕೆ ಹಾಕಿದರೆ ಕ್ಷಣದಲ್ಲಿ ಹಾರುತ್ತದೆ, ಹೋಗುವಾಗ ನಿಂಬೆ, ಕಿತ್ತಳೆಯಂಥ ಹಗುರ ಪರಿಮಳಗಳನ್ನೂ ಕರೆದೊಯ್ಯುತ್ತದೆ. ಹಾಗಾಗಿ ಪಟ್ಟಿಗೆ ಬಳಸುವುದು ಆಲ್ಕೋಹಾಲ್ ಸೇರಿಸದ ಸುಗಂಧತೈಲವನ್ನು, ಅದೂ ಕ್ಯಾಪ್ಸೂಲಿನಲ್ಲಿ ತುಂಬಿ. ಈ ಕ್ಯಾಪ್ಸೂಲುಗಳು ಸಾಮಾನ್ಯವಾಗಿ 20ರಿಂದ 50 ಮೈಕ್ರಾನ್ ಗಾತ್ರದವು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಚಿಕ್ಕವು. ಅಂಗಡಿಯ ಬಿಲ್ ಪುಸ್ತಕದಲ್ಲಿ ಕಾರ್ಬನ್ ಹಾಳೆ ಇಲ್ಲದೆಯೇ ಕೆಳಗಿನ ಪ್ರತಿಗೆ ಅಕ್ಷರ ಮೂಡುವುದನ್ನು ಎಲ್ಲರೂ ನೋಡಿದ್ದೀರಿ. ಮೇಲಿನ ಹಾಳೆಯ ಹಿಂಬದಿಯಲ್ಲಿರುವ ಬಣ್ಣದ ಕ್ಯಾಪ್ಸೂಲುಗಳು ಪೆನ್ನಿನ ಒತ್ತಡಕ್ಕೆ ಒಡೆಯುವುದರಿಂದ ಅದು ಸಾಧ್ಯ. ಅಮೆರಿಕದಲ್ಲಿ 1950ರ ದಶಕದಲ್ಲಿ ಬಂದ ಆ ಕಾಗದದ ವಿದ್ಯೆಯನ್ನೇ 1960ರ ದಶಕದಲ್ಲಿ ತ್ರೀಎಂ ಕಂಪನಿಯವರು ಪರಿಮಳಕ್ಕೆ ತಿರುಗಿಸಿದರು. ಕೆರೆದು ಮೂಸುವ ಸ್ಟಿಕ್ಕರುಗಳು ಹುಟ್ಟಿದ್ದು ಹಾಗೆ. ಅಂಟಿಸಿದ ಮಡಿಕೆಯನ್ನು ಎಳೆದು ಬಿಡಿಸುವ ಪಟ್ಟಿ 1980ರ ದಶಕದಲ್ಲಿ ಅಲ್ಲಿನ ಫ್ಯಾಷನ್ ಪತ್ರಿಕೆಗಳನ್ನು ತುಂಬಿತು. ಜಾರ್ಜಿಯೊ ಬೆವರ್ಲಿ ಹಿಲ್ಸ್ ಎಂಬ ಸೆಂಟು ಮನೆಮನೆ ಮುಟ್ಟಿದ್ದರಲ್ಲಿ ಈ ಪಟ್ಟಿಯ ಪಾತ್ರ ದೊಡ್ಡದು.

ಕ್ಯಾಪ್ಸೂಲ್ ಮಾಡುವ ಹಳೆಯ, ಈಗಲೂ ನಡೆಯುವ ವಿಧಾನಕ್ಕೆ ಬೇಕಾದದ್ದು ಜೆಲಟಿನ್ ಮತ್ತು ಅರೇಬಿಕ್ ಗೋಂದು. ಜೆಲಟಿನ್ ದ್ರಾವಣವನ್ನು 40ರಿಂದ 50 ಡಿಗ್ರಿಯಲ್ಲಿ ಬೆಚ್ಚಗಿಟ್ಟು, ಅದರಲ್ಲಿ ತೈಲವನ್ನು ಹನಿಹನಿಯಾಗಿ ಒಡೆಯುವಂತೆ ಕಡೆದು, ಗೋಂದಿನ ದ್ರಾವಣ ಸೇರಿಸುತ್ತಾರೆ. ಅಸೆಟಿಕ್ ಆಮ್ಲ ಹಾಕುತ್ತಾ ಪಿಎಚ್ ಅನ್ನು 4ರಿಂದ 4.5ಕ್ಕೆ ಇಳಿಸಿದಾಗ ಜೆಲಟಿನ್ನೂ ಗೋಂದೂ ಒಂದಕ್ಕೊಂದು ಹತ್ತಿ, ಪ್ರತಿ ಹನಿಯ ಸುತ್ತ ಪೊರೆ ಕಟ್ಟುತ್ತವೆ. 10 ಡಿಗ್ರಿಗಿಂತ ಕೆಳಗೆ ತಣಿಸಿದರೆ ಪೊರೆ ಗಟ್ಟಿಯಾಗುತ್ತದೆ. ಕೊನೆಗೆ ಗ್ಲುಟರಾಲ್ಡಿಹೈಡ್‌ನಂಥ ರಾಸಾಯನಿಕದಿಂದ ಅದನ್ನು ಬಿಗಿಗೊಳಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಪೊರೆ ಮೆಲಮಿನ್-ಫಾರ್ಮಾಲ್ಡಿಹೈಡ್ ಅಥವಾ ಯೂರಿಯಾ-ಫಾರ್ಮಾಲ್ಡಿಹೈಡ್ ರಾಳದ್ದು. ಅದು ಇನ್ನೂ ಗಟ್ಟಿ, ತೇವಕ್ಕೆ ಜಗ್ಗುವುದಿಲ್ಲ. ಹೀಗೆ ತಯಾರಾದ ಕ್ಯಾಪ್ಸೂಲುಗಳನ್ನು ನೀರಿನ ಅಂಟಿನಲ್ಲಿ ಕಲಸಿ, ಮುದ್ರಣ ಮುಗಿದ ಹಾಳೆಯ ಮೇಲೆ ತೆಳ್ಳಗೆ ಬಳಿದು, ಒಣಗುವ ಮುನ್ನವೇ ಮಡಿಸಿ ಒತ್ತುತ್ತಾರೆ. ಮಡಿಕೆಯ ಎರಡೂ ಮುಖಕ್ಕೆ ಅಂಟಿಕೊಂಡ ಕ್ಯಾಪ್ಸೂಲುಗಳು ಓದುಗ ಎಳೆದಾಗ ಹರಿದು ಒಡೆಯುತ್ತವೆ. ಒಂದು ಪಟ್ಟಿಗೆ ಸಾಕಾಗುವುದು ಕೆಲವೇ ಮಿಲಿಗ್ರಾಂ ತೈಲ.

ಈಗ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಕನ್ನಡ ಓದುಗರಿಗೆಂದು ಪರಿಮಳದ ಪುಟ ಮಾಡಹೊರಟವರು ಮೊದಲು ಕೇಳುವುದು ಮಲ್ಲಿಗೆ, ಇಲ್ಲವೇ ಶ್ರೀಗಂಧ. ಮಲ್ಲಿಗೆಯ ಸಿಹಿ, ಹಣ್ಣಿನಂಥ ಮೇಲುಪರಿಮಳ ಬಹುಪಾಲು ಬೆಂಜೈಲ್ ಅಸಿಟೇಟ್‌ನದು. ಅದು ಬೇಗ ಹಾರುವಂಥದ್ದು, ಕ್ಯಾಪ್ಸೂಲ್ ಮಾಡುವಾಗ ಸ್ವಲ್ಪ ನೀರಿಗೂ ಜಾರಿಹೋಗುತ್ತದೆ. ಹಿಂದೆ ಉಳಿಯುವುದು ಇಂಡೋಲ್. ಹೂವಿನಲ್ಲಿ ಹದವಾಗಿ ಬೆರೆತಾಗ ಅದೇ ಮಲ್ಲಿಗೆಗೆ ಮಾದಕತೆ ಕೊಡುತ್ತದೆ, ಒಂಟಿಯಾಗಿ ನಿಂತರೆ ಬೀರುವಿನ ನುಸಿಗುಳಿಗೆಯ ನೆನಪು ತರುತ್ತದೆ. ಬಾಟಲಿಯ ಕಾಂಪೌಂಡನ್ನೇ ಕ್ಯಾಪ್ಸೂಲಿಗೆ ತುಂಬಿದರೆ ಓದುಗರು ಮಡಿಕೆ ಬಿಡಿಸಿದಾಗ ಮೂಗಿಗೆ ಬರುವುದು ಬಾಡಿದ ಹೂವಿನ ವಾಸನೆ. ಕಾಂಪೌಂಡಿನಲ್ಲಿ ವೆನಿಲಿನ್‌ನಂಥ ಆಲ್ಡಿಹೈಡುಗಳಿದ್ದರೆ ಅವು ಜೆಲಟಿನ್ ಜೊತೆಗೇ ಕೂಡಿಕೊಂಡು ಪೊರೆಯನ್ನು ಕಂದಾಗಿಸುತ್ತವೆ, ಬಿಳಿ ಕಾಗದದ ಮೇಲೆ ಚಹಾದ ಕಲೆಯಂತೆ ಕಾಣುತ್ತದೆ. ಆದ್ದರಿಂದ ಪಟ್ಟಿಗೆಂದೇ ಬೇರೆ ಕಾಂಪೌಂಡ್ ಕಟ್ಟಬೇಕು: ಹಗುರ ಪರಿಮಳಗಳನ್ನು ತುಸು ಹೆಚ್ಚಿಸಿ, ಇಂಡೋಲ್ ತಗ್ಗಿಸಿ, ಆಲ್ಡಿಹೈಡುಗಳ ಜಾಗಕ್ಕೆ ಬೇರೆಯದನ್ನು ಹುಡುಕಿ.

ಶ್ರೀಗಂಧದ ಕಷ್ಟ ಇದಕ್ಕೆ ತೀರಾ ಬೇರೆ. ಗಂಧದೆಣ್ಣೆಯ ಜೀವಾಳವಾದ ಸ್ಯಾಂಟಲಾಲ್ ಭಾರದ ವಸ್ತು, ನಿಧಾನವಾಗಿ ಮೇಲೇಳುತ್ತದೆ. ಮಡಿಕೆ ಬಿಡಿಸಿದ ಕೂಡಲೇ ಏನೂ ಇಲ್ಲವೇನೋ ಅನ್ನಿಸುತ್ತದೆ. ಕಾಗದ ಕೈಯಲ್ಲಿದ್ದು ಬೆಚ್ಚಗಾದ ಮೇಲೆ ನಿಧಾನಕ್ಕೆ ಬಂದು, ದಿನಗಟ್ಟಲೆ ಉಳಿಯುತ್ತದೆ. ಜಾಹೀರಾತುದಾರರ ಪ್ರತಿನಿಧಿ ಪ್ರೂಫ್ ಮೂಸಿ, ಸಾಲದು, ಡೋಸ್ ಎರಡು ಪಟ್ಟು ಮಾಡಿ ಅನ್ನುತ್ತಾರೆ. ಆ ಮಾತು ಕೇಳಿ ಡೋಸ್ ಏರಿಸಿದರೆ ವಾರ ಕಳೆಯುವುದರಲ್ಲಿ ಇಡೀ ಪತ್ರಿಕೆ, ಪಕ್ಕದ ಪತ್ರಿಕೆ, ಗೋಡೌನಿನ ಮೂಲೆ ಎಲ್ಲವೂ ಗಂಧಮಯ. ಪ್ರೂಫನ್ನು ಬಿಡಿಸಿ ಐದು ನಿಮಿಷ ಬಿಟ್ಟು ಮೂಸಿದ ಮೇಲೆಯೇ ಡೋಸಿನ ಮಾತು ಆಡಬೇಕೆಂದು ನಿಮ್ಮ ಜಾಹೀರಾತು ವಿಭಾಗ ಪಟ್ಟುಹಿಡಿಯಬೇಕು.

ಇನ್ನು ಸೋರಿಕೆಯ ವಿಷಯ. ಒತ್ತಡಕ್ಕೆ ಒಡೆಯಲೆಂದೇ ಮಾಡಿದ್ದು ಕ್ಯಾಪ್ಸೂಲ್. ಆ ಒತ್ತಡ ಓದುಗರ ಬೆರಳಿನದೋ ಯಂತ್ರದ್ದೋ ಎಂಬ ಭೇದ ಅದಕ್ಕೆ ಗೊತ್ತಾಗುವುದಿಲ್ಲ. ಫೋಲ್ಡಿಂಗ್ ರೋಲರಿನಲ್ಲಿ ಒಂದಿಷ್ಟು ಒಡೆಯುತ್ತವೆ. ಮೂರು ಬದಿ ಕತ್ತರಿಸುವ ಟ್ರಿಮ್ಮರಿನಲ್ಲಿ ಪುಸ್ತಕವನ್ನು ಅದುಮಿ ಹಿಡಿಯುವ ಕ್ಲ್ಯಾಂಪಿನ ಕೆಳಗೆ ಪಟ್ಟಿ ಬಂದರೆ ಇನ್ನಷ್ಟು ಒಡೆಯುತ್ತವೆ, ಬ್ಲೇಡಿನ ದಾರಿಗೆ ಬಂದರಂತೂ ಕತ್ತರಿಸಿದ ಅಂಚೇ ಸೆಂಟಿನ ಬತ್ತಿಯಾಗುತ್ತದೆ. ಪುಸ್ತಕದ ಬೆನ್ನಿಗೆ ಅಂಟು ಹಾಕಿ ಹಾಳೆ ಹಿಡಿಸುವ ಪರ್ಫೆಕ್ಟ್ ಬೈಂಡಿಂಗಿನಲ್ಲಿ ಕಾಯಿಸಿ ಕರಗಿಸಿದ ಹಾಟ್‌ಮೆಲ್ಟ್ ಅಂಟು 160ರಿಂದ 180 ಡಿಗ್ರಿಯಲ್ಲಿ ಬೆನ್ನಿಗೆ ಬೀಳುತ್ತದೆ. ಬೆನ್ನಿನ ಹತ್ತಿರ ಪಟ್ಟಿಯಿದ್ದರೆ ಆ ಕಾವಿಗೆ ಹಗುರ ಪರಿಮಳ ಹೊರಬಂದುಬಿಡುತ್ತದೆ. ಬಳಿದ ಜಾಗ ಎಲ್ಲ ಅಂಚುಗಳಿಂದ ಕನಿಷ್ಠ 15 ಮಿಲಿಮೀಟರ್, ಬೆನ್ನಿನಿಂದ 25 ಮಿಲಿಮೀಟರ್ ಒಳಗಿರಲಿ ಎಂದು ನಾವು ಕೇಳುವುದು ಇದಕ್ಕೇ. ಡಿಸೈನರುಗಳಿಗೆ ಇದು ಇಷ್ಟವಾಗುವುದಿಲ್ಲ, ಅವರಿಗೆ ಪುಟದ ತುದಿಯಲ್ಲೇ ಮಡಿಕೆ ಬೇಕು. ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ.

ಬಂಡಲ್ ಕಟ್ಟುವಾಗ ಮತ್ತೆ ಒತ್ತಡ. 50 ಪ್ರತಿಯ ಬಂಡಲಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಹತ್ತಾರು ಬಂಡಲುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅಡಿಯ ಬಂಡಲಿನ ಗತಿ ಏನು? ಲೆಕ್ಕ ಹಾಕಿ ನೋಡಿ. ಪಟ್ಟಿಗೆ 5 ಮಿಲಿಗ್ರಾಂ ತೈಲವೆಂದು ಹಿಡಿದರೂ ಲಕ್ಷ ಪ್ರತಿಗೆ ಅರ್ಧ ಕಿಲೋ ಆಯಿತು. ಅದರಲ್ಲಿ ನೂರಕ್ಕೆ ಒಂದು ಪಾಲು ಗೋಡೌನಿನಲ್ಲೇ ಒಡೆದರೂ 5 ಗ್ರಾಂ ಅಚ್ಚ ಸುಗಂಧತೈಲ ಗಾಳಿಗೆ ಸೇರಿದಂತೆ. ಬಂಡಲ್ ಎತ್ತುವವರು ಆ ಗಾಳಿಯಲ್ಲೇ ರಾತ್ರಿಪಾಳಿ ಮುಗಿಸಬೇಕು.

ಅಮೆರಿಕದ ಮೊಂಟಾನಾ ರಾಜ್ಯದ ಗ್ರೇಟ್ ಫಾಲ್ಸ್ ಊರಿನಲ್ಲಿ 2013ರ ಮೇ ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ನೆನಪಿಸಬೇಕು. ಅಡುಗೆ ಅನಿಲ ಸೋರಿದರೆ ಹೇಗೆ ವಾಸನೆ ಬರುತ್ತದೆಂದು ಜನರಿಗೆ ತಿಳಿಸಲು ಅಲ್ಲಿನ ಅನಿಲ ಕಂಪನಿ ಕೆರೆದು ಮೂಸುವ ಕಾರ್ಡುಗಳನ್ನು ಮಾಡಿಸಿತ್ತು. ಹಳೆಯದಾದ ಕಾರ್ಡುಗಳ ಪೆಟ್ಟಿಗೆಗಳನ್ನು ಕಸಕ್ಕೆ ಹಾಕಿದರು. ಕಸದ ಲಾರಿ ಅವನ್ನು ಒತ್ತಿ ಹಿಂಡಿದಾಗ ಕ್ಯಾಪ್ಸೂಲುಗಳೆಲ್ಲ ಒಟ್ಟಿಗೇ ಒಡೆದವು. ಲಾರಿ ಹೋದ ಬೀದಿಗಳಲ್ಲಿ ಅನಿಲ ಸೋರಿದೆ ಎಂದು ಕಟ್ಟಡಗಳನ್ನೇ ತೆರವು ಮಾಡಿಸಬೇಕಾಯಿತು. ಕಾರ್ಡು ಹಳೆಯದಾಗಿತ್ತು, ಒಳಗಿನ ವಾಸನೆ ಹಳೆಯದಾಗಿರಲಿಲ್ಲ. ವಿಶೇಷಾಂಕದ ಉಳಿಕೆ ಪ್ರತಿಗಳು ರದ್ದಿಗೆ ಹೋಗುವಾಗಲೂ ಇದನ್ನು ಮರೆಯಬಾರದು.

ನಮ್ಮ ಹವಾಮಾನವೂ ಪಟ್ಟಿಗೆ ಹೇಳಿಮಾಡಿಸಿದ್ದಲ್ಲ. ಮಳೆಗಾಲದ ಮಂಗಳೂರಿನಲ್ಲಿ ಗಾಳಿಯ ತೇವ 85ರಿಂದ 90 ಪ್ರತಿಶತ ಮುಟ್ಟುತ್ತದೆ. ಜೆಲಟಿನ್ ಪೊರೆ ಅಂಥ ತೇವ ಹೀರಿ ಮೆತ್ತಗಾಗುತ್ತದೆ, ಒಡೆಯದಿದ್ದರೂ ಪರಿಮಳ ಅದರ ಮೂಲಕವೇ ಹೊರಗೆ ನುಸುಳುತ್ತದೆ. ಯುಗಾದಿ ವಿಶೇಷಾಂಕ ಕಲಬುರಗಿ, ರಾಯಚೂರಿನ ಕಡೆಗೆ ಹೋಗುವ ಹೊತ್ತಿಗೆ ಬಿಸಿಲು 40 ಡಿಗ್ರಿಯ ಹತ್ತಿರ. ಮುಚ್ಚಿದ ವ್ಯಾನಿನೊಳಗೆ ಅದಕ್ಕಿಂತ ಹೆಚ್ಚು. ಬೇರೆ ದೇಶದಲ್ಲಿ ಪಾಸಾದ ಪಟ್ಟಿ ಎಂದು ಮಾರಾಟಗಾರರು ಸರ್ಟಿಫಿಕೇಟ್ ತೋರಿಸಿದರೆ, ಎಷ್ಟು ಡಿಗ್ರಿ ಕಾವಿನಲ್ಲಿ, ಎಷ್ಟು ತೇವದಲ್ಲಿ ಎಂದು ಕೇಳಿ.

ಇಷ್ಟೆಲ್ಲ ಜಾಗ್ರತೆ ಮಾಡಿದ ಪಟ್ಟಿಯೇ ಹೀಗೆ ಸೋರುವಾಗ, ಅಗ್ಗದ ದಾರಿಗಳ ಬಗ್ಗೆ ಏನು ಹೇಳುವುದು. ಶಾಯಿಗೇ ಕಾಂಪೌಂಡ್ ಬೆರೆಸಿ ಎನ್ನುತ್ತಾರೆ, ಅಥವಾ ಪುರವಣಿಯ ಮೇಲೆ ಸ್ಪ್ರೇ ಮಾಡಿ ಎನ್ನುತ್ತಾರೆ. ಮುಚ್ಚಿಲ್ಲದ ಪರಿಮಳ ಮೊದಲ ದಿನವೇ ಎಲ್ಲರ ಮೂಗಿಗೆ ನುಗ್ಗಿ ವಾರದಲ್ಲಿ ಹಳಸುತ್ತದೆ. ಸುಗಂಧತೈಲದಲ್ಲಿರುವ, ಕಿತ್ತಳೆ-ನಿಂಬೆ ಸಿಪ್ಪೆಯ ಲಿಮೊನೀನ್‌ನಂಥ ವಸ್ತುಗಳು ಪ್ರೆಸ್ಸಿನ ರಬ್ಬರ್ ಬ್ಲ್ಯಾಂಕೆಟನ್ನೂ ರೋಲರನ್ನೂ ಉಬ್ಬಿಸುತ್ತವೆ. ಕಾಂಪೌಂಡ್ ತೆಳ್ಳಗಾಗಲೆಂದು ಹಾಕುವ ಡಿಇಪಿ ಎಂಬ ದ್ರವ ಶಾಯಿಯನ್ನು ಒಣಗಲು ಬಿಡದೆ ಎದುರು ಪುಟಕ್ಕೆ ಅಂಟಿಸುತ್ತದೆ. ಮೇಲಾಗಿ ನ್ಯೂಸ್‌ಪ್ರಿಂಟ್ ಕಾಗದ ಚದರ ಮೀಟರಿಗೆ 42, 45 ಗ್ರಾಂ ತೂಗುವಂಥದ್ದು, ಜಾಳುಜಾಳು. ಅದರಲ್ಲಿ ಪರಿಮಳ ಹಿಡಿದಿಡುವುದು ಜರಡಿಯಲ್ಲಿ ನೀರು ಹೊತ್ತಂತೆ.

ಆ ಕಾಗದ ಎಲ್ಲಿಗೆ ಹೋಗುತ್ತದೆಂದು ನಮಗೂ ಗೊತ್ತು, ನಿಮಗೂ ಗೊತ್ತು. ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಹೇಳುತ್ತವೆ. ಹಾಗಿದ್ದೂ ಸಂಜೆಯ ಗಾಡಿಯ ಮುಂದೆ ನಿಂತರೆ ಬಿಸಿ ಬೋಂಡಾದ ಎಣ್ಣೆ ಇಳಿಯುವುದು ಹಳೆಯ ಪತ್ರಿಕೆಗೇ. ಬಿಸಿ ಎಣ್ಣೆ ಸುಗಂಧತೈಲವನ್ನು ಸಲೀಸಾಗಿ ಎಳೆದುಕೊಳ್ಳುತ್ತದೆ. ದಿನಪತ್ರಿಕೆಯ ಹಾಳೆಗೆ ಯಾವ ರೂಪದಲ್ಲೂ ಪರಿಮಳ ಹಾಕಬೇಡಿ ಎಂದು ನಾವು ಕೈಮುಗಿದು ಕೇಳುತ್ತೇವೆ. ಇದರಲ್ಲಿ ನಡುದಾರಿ ನಮಗೆ ಕಾಣುವುದಿಲ್ಲ.

ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದರಾಯಿತಲ್ಲ ಎಂಬ ಮಾತೂ ಇದೆ. ಆ ಕವರು ಸಾಮಾನ್ಯವಾಗಿ ಪಾಲಿಥೀನಿನದು. ಪಾಲಿಥೀನ್ ನೀರನ್ನು ತಡೆಯುತ್ತದೆ, ಸುಗಂಧತೈಲವನ್ನು ತಡೆಯುವುದಿಲ್ಲ. ಲಿಮೊನೀನ್ ಅದರೊಳಗೆ ಕರಗಿ ಆಚೆ ಬದಿಯಿಂದ ಹೊರಬರುತ್ತದೆ. ಕಿತ್ತಳೆ ಸಿಪ್ಪೆಯನ್ನು ತೆಳು ಪಾಲಿಥೀನ್ ಚೀಲದಲ್ಲಿ ಕಟ್ಟಿ ಒಂದು ದಿನ ಬೀರುವಿನಲ್ಲಿಟ್ಟು ನೋಡಿ. ಪರಿಮಳ ತಡೆಯಬೇಕೆಂದರೆ ಅಲ್ಯೂಮಿನಿಯಂ ಫಾಯಿಲಿನ ಪದರವಿರುವ ಸ್ಯಾಷೆಯೇ ಬೇಕು. ಎರಡು ತಡೆಪದರಗಳ ನಡುವೆ ಪರಿಮಳವಿಟ್ಟು ಸುತ್ತಲೂ ಸೀಲ್ ಮಾಡಿದ ಲೇಬಲುಗಳೂ ಇವೆ. ಬೆಲೆ ಹೆಚ್ಚು, ಆದರೆ ತೇವವಿರುವ ಊರುಗಳಿಗೆ ಹೋಗುವ ಪತ್ರಿಕೆಗೆ ಕಾಗದದ ಮಡಿಕೆಗಿಂತ ಅವೇ ಮೇಲು.

ಇದರಿಂದ ತೊಂದರೆ ಯಾರಿಗೆ? 1995ರಲ್ಲಿ ಅಮೆರಿಕದ ಅಲರ್ಜಿ ತಜ್ಞರ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದೇ ಸೆಂಟ್ ಪಟ್ಟಿಗಳ ಮೇಲೆ ನಡೆಸಿದ ಪರೀಕ್ಷೆಯ ವರದಿ ಬಂತು. ಅಸ್ತಮಾ ಇದ್ದ 29 ಜನರಿಗೂ ಇಲ್ಲದ 13 ಜನರಿಗೂ ಪಟ್ಟಿಯನ್ನು ಮೂಸಿಸಿ ನೋಡಿದ್ದರು. ತೀವ್ರ ಅಸ್ತಮಾದವರಲ್ಲಿ 36 ಪ್ರತಿಶತ, ಮಧ್ಯಮ ಮಟ್ಟದವರಲ್ಲಿ 17, ಸೌಮ್ಯ ಮಟ್ಟದವರಲ್ಲಿ 8 ಪ್ರತಿಶತ ಜನರಿಗೆ ಅಸ್ತಮಾ ಕೆರಳಿತ್ತು. ಪರೀಕ್ಷೆ ಚಿಕ್ಕದು, ನಿಜ. ಆದರೂ ಅದು ತೋರಿದ ದಿಕ್ಕು ಸ್ಪಷ್ಟವಾಗಿದೆ: ಕಾಯಿಲೆ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಅಂಥವರೊಬ್ಬರು ಸಾರ್ವಜನಿಕ ಗ್ರಂಥಾಲಯದ ವಾಚನಾಲಯದಲ್ಲಿ ಕೂತು ಪತ್ರಿಕೆ ತಿರುವುತ್ತಿದ್ದಾರೆ ಎಂದುಕೊಳ್ಳಿ. ಪಕ್ಕದವರು ಮಡಿಕೆ ಬಿಡಿಸಿದರೆ ಎದ್ದು ದೂರ ಹೋಗಬಹುದು. ಪತ್ರಿಕೆಯೇ ಮೊದಲಿನಿಂದ ವಾಸನೆ ಬಿಡುತ್ತಿದ್ದರೆ ಅವರಿಗೆ ಆ ದಿನ ಓದೇ ಇಲ್ಲ. ಅರೆತಲೆನೋವಿನವರಿಗೂ ಇದೇ ಪಾಡು.

ಚರ್ಮದ ವಿಷಯ ಬೇರೆ. ಮಡಿಕೆ ಬಿಡಿಸಿ ಮಣಿಕಟ್ಟಿಗೆ ಉಜ್ಜಿಕೊಳ್ಳಿ ಎಂದು ಬರೆಸುವ ಜಾಹೀರಾತುಗಳಿವೆ. ಅದನ್ನು ಅಚ್ಚು ಮಾಡಬೇಡಿ. ಬಾಟಲಿಯಲ್ಲಿ ಆಲ್ಕೋಹಾಲಿನಿಂದ ತೆಳ್ಳಗಾಗಿದ್ದ ತೈಲ ಪಟ್ಟಿಯಲ್ಲಿ ಅಚ್ಚ ರೂಪದಲ್ಲಿದೆ, ಜೊತೆಗೆ ಪೊರೆಯ ಚೂರುಗಳು, ಅಂಟು, ಕೆಲವೊಮ್ಮೆ ಅಲ್ಪಸ್ವಲ್ಪ ಫಾರ್ಮಾಲ್ಡಿಹೈಡ್. ಯುರೋಪಿನ ಒಕ್ಕೂಟದಲ್ಲಿ ಮೈಗೆ ಹಚ್ಚಿ ಹಾಗೇ ಬಿಡುವ ಪ್ರಸಾಧನಗಳಲ್ಲಿ ಅಲರ್ಜಿ ತರಬಲ್ಲ 26 ಸುಗಂಧವಸ್ತುಗಳು 0.001 ಪ್ರತಿಶತ ದಾಟಿದರೆ ಹೆಸರು ಹೇಳಲೇಬೇಕಿತ್ತು. 2023ರ ನಿಯಮ ಆ ಸಂಖ್ಯೆಯನ್ನು 80ಕ್ಕೂ ಮೇಲೆ ಒಯ್ದಿದೆ. ಪಟ್ಟಿಯ ಕೆಳಗೆ ಒಂದೇ ಸಾಲಿನಲ್ಲಿ ಆ ಹೆಸರುಗಳನ್ನು ಸಣ್ಣ ಅಕ್ಷರದಲ್ಲಿ ಹಾಕಲು ಜಾಗವಿಲ್ಲ ಎಂದು ಯಾರೂ ಹೇಳಲಾರರು.

ಹಾಗೆಯೇ ಪೊರೆ ಜೆಲಟಿನ್‌ನದೋ ಎಂದು ಕೇಳಿ ತಿಳಿದುಕೊಳ್ಳಿ. ಜೆಲಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಹಬ್ಬದ ಸಂಚಿಕೆಯನ್ನು ದೇವರ ಮನೆಯಲ್ಲಿ ಇಟ್ಟುಕೊಳ್ಳುವ ಮನೆಗಳಿವೆ, ಹಂದಿಯ ವಸ್ತುವನ್ನು ಮುಟ್ಟದ ಮನೆಗಳಿವೆ. ತಿಳಿಸದೆ ಅವರ ಕೈಗೆ ಕೊಡುವುದು ತಪ್ಪು.

ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳೇ, ಇಲ್ಲಿಂದ ಮುಂದಿನದು ಮುಖ್ಯವಾಗಿ ನಿಮಗೆ. ಅಮೆರಿಕದಲ್ಲಿ ಈ ಪಟ್ಟಿಗಳ ಬಗ್ಗೆ ದೂರುಗಳು ಹೆಚ್ಚಾದಾಗ 1990ರಲ್ಲಿ ಕಾನೂನು ಬಂತು. ಜನರು ತಿಳಿಯದೆ ಅಥವಾ ಇಷ್ಟವಿಲ್ಲದೆ ಪರಿಮಳಕ್ಕೆ ಒಡ್ಡಿಕೊಳ್ಳದಂತೆ ಸೀಲ್ ಮಾಡದ, ಸುತ್ತದ ಸುಗಂಧ ಜಾಹೀರಾತಿನ ಮಾದರಿಯನ್ನು ಅಂಚೆಯಲ್ಲಿ ಕಳಿಸುವಂತಿಲ್ಲ ಎಂಬುದು ಅದರ ತಿರುಳು. ಅಲ್ಲಿನ ಅಂಚೆಯ ಕೈಪಿಡಿ ಇದನ್ನು ಅಳತೆಗೂ ಇಳಿಸಿದೆ. ಕಾಗದದ ರಂಧ್ರತೆ, ಅಂದರೆ ಗಾಳಿಯನ್ನು ದಾಟಬಿಡುವ ಗುಣ, 20 ಶೆಫೀಲ್ಡ್ ಅಥವಾ 172 ಗರ್ಲಿ-ಹಿಲ್ ಮಾನವನ್ನು ಮೀರಬಾರದು. ತೈಲ ಕ್ಯಾಪ್ಸೂಲಿನೊಳಗೇ ಇರಬೇಕು. ಅಂಟಿಸಿದ ಮಡಿಕೆ ಬಿಡಿಸದೆ ಅಥವಾ ಮೇಲಿನ ಪದರ ಕೀಳದೆ ಅದು ಹೊರಬರಬಾರದು. ಗರ್ಲಿ ಪರೀಕ್ಷೆಯಲ್ಲಿ ಒಂದು ಚದರ ಇಂಚು ಕಾಗದದ ಮೂಲಕ 100 ಮಿಲಿಲೀಟರ್ ಗಾಳಿ ದಾಟಲು ಎಷ್ಟು ಸೆಕೆಂಡ್ ಬೇಕೆಂದು ನೋಡುತ್ತಾರೆ. 172 ಅಂದರೆ ಸುಮಾರು ಮೂರು ನಿಮಿಷ. ರಂಧ್ರತೆ ಕಡಿಮೆಯಾದಷ್ಟೂ ಸಮಯ ಹೆಚ್ಚು, ಹಾಗಾಗಿ ಕನಿಷ್ಠ ಇಷ್ಟು ಹೊತ್ತು ಹಿಡಿಯಬೇಕು. ಒಳ್ಳೆಯ ಕೋಟಿಂಗ್ ಇರುವ ಆರ್ಟ್ ಪೇಪರ್ ಇದನ್ನು ಸುಲಭವಾಗಿ ದಾಟುತ್ತದೆ, ನ್ಯೂಸ್‌ಪ್ರಿಂಟ್ ಹತ್ತಿರಕ್ಕೂ ಸುಳಿಯದು.

ನಮ್ಮಲ್ಲಿ 1898ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಸೇವೆಗೆ ಬೇಕಾದ ನಿಬಂಧನೆಗಳನ್ನು ಮಾಡುವ ಅಧಿಕಾರವನ್ನು ಅದು ಮಹಾನಿರ್ದೇಶಕರಿಗೆ ಕೊಟ್ಟಿದೆ. ಹೊಸ ಕಾನೂನೇ ಬೇಕಾಗಿಲ್ಲ. ನೋಂದಾಯಿತ ಪತ್ರಿಕೆಗಳಿಗೆ ರಿಯಾಯಿತಿ ದರದ ಸೌಲಭ್ಯ ಕೊಡುವಾಗ, ಪರಿಮಳದ ಮಾದರಿಯಿದ್ದರೆ ಅದು ಸೀಲ್ ಆಗಿರಬೇಕು ಎಂಬ ಒಂದು ಷರತ್ತು ಸೇರಿದರೆ ಸಾಕು. ಚೀಲ ಹೊತ್ತು ಮನೆಮನೆಗೆ ಹೋಗುವವರು, ವಿಂಗಡಣೆಯ ಕೋಣೆಯಲ್ಲಿ ಎಂಟು ಗಂಟೆ ನಿಲ್ಲುವವರು ನಿಮ್ಮವರೇ. ಮೊದಲ ಲಾಭ ಅವರಿಗೇ.

ಸೀಲ್ ಸರಿಯಾಗಿದೆಯೇ ಎಂದು ನೋಡಲು ದೊಡ್ಡ ಪ್ರಯೋಗಾಲಯ ಬೇಡ. ಪ್ರಕಾಶಕರು ತಮ್ಮ ಕಚೇರಿಯಲ್ಲೇ ಮಾಡಬಹುದಾದ ಪರೀಕ್ಷೆಯನ್ನು ಹೇಳುತ್ತೇವೆ. ಬೈಂಡಿಂಗ್, ಟ್ರಿಮ್ಮಿಂಗ್ ಎಲ್ಲ ಮುಗಿದ 25 ಪ್ರತಿಗಳನ್ನು ಪೇರಿಸಿ, ಮೇಲೆ 20 ಕಿಲೋ ತೂಕವಿಟ್ಟು ಒಂದು ದಿನ ಬಿಡಿ. ಬರೀ ಪಟ್ಟಿಯನ್ನು ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ, ಪೂರ್ತಿ ತಯಾರಾದ ಪ್ರತಿಯೇ ಆಗಬೇಕು. ಅಡಿಯ ಪ್ರತಿಗಳಿಂದ ಪಟ್ಟಿಯನ್ನು, ಮಡಿಕೆ ಬಿಡಿಸದೆ, ಜೋಪಾನವಾಗಿ ಬೇರ್ಪಡಿಸಿಕೊಳ್ಳಿ. ಅದೇ ಕಾಗದದಲ್ಲಿ ಪರಿಮಳ ಹಾಕದೆ ಮಡಿಸಿದ ಪಟ್ಟಿಗಳನ್ನು ಪ್ರೆಸ್ಸಿನಿಂದ ಮೊದಲೇ ತರಿಸಿಟ್ಟಿರಿ. ತೊಳೆದು ಒಣಗಿಸಿದ ಗಾಜಿನ ಜಾಡಿಗಳಲ್ಲಿ ಒಂದೊಂದನ್ನೇ ಹಾಕಿ ಮುಚ್ಚಳ ಬಿಗಿದು, 40 ಡಿಗ್ರಿಯಲ್ಲಿ ಒಂದು ದಿನ ಇಡಿ. ಉಪ್ಪಿನಕಾಯಿ ಹಾಕಿದ್ದ ಜಾಡಿ ಬೇಡ, ಎಷ್ಟು ತೊಳೆದರೂ ಅದರ ಮುಚ್ಚಳ ವಾಸನೆ ಬಿಡುವುದಿಲ್ಲ.

ಆಮೇಲೆ 12 ಜನರನ್ನು ಕರೆಯಿರಿ. ಪ್ರೆಸ್ಸಿನವರನ್ನೂ ಕಾಂಪೌಂಡ್ ಮಾಡಿದವರನ್ನೂ ಕರೆಯಬೇಡಿ. ಹತ್ತು ನಿಮಿಷ ಒಂದೇ ವಾಸನೆಯಲ್ಲಿದ್ದ ಮೂಗು ಅದನ್ನು ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ. ಏನೂ ಸೋರುತ್ತಿಲ್ಲ ಎಂದು ಬೈಂಡಿಂಗಿನವರು ಆಣೆ ಮಾಡಿ ಹೇಳುವುದಕ್ಕೂ ಇದೇ ಕಾರಣ, ಅವರು ಸುಳ್ಳು ಹೇಳುತ್ತಿರುವುದಿಲ್ಲ. ಪ್ರತಿಯೊಬ್ಬರ ಮುಂದೆ ಮೂರು ಜಾಡಿ ಇಡಿ. ಎರಡು ಒಂದೇ ಬಗೆಯವು, ಒಂದು ಬೇರೆ. ಯಾವುದು ಬೇರೆ ಎಂದು ಹೇಳಬೇಕು, ಗೊತ್ತಾಗದಿದ್ದರೂ ಊಹಿಸಲೇಬೇಕು. ಬರೀ ಊಹೆಯಲ್ಲೇ 12ರಲ್ಲಿ ಸರಾಸರಿ 4 ಜನ ಸರಿ ಹೇಳಿಬಿಡುತ್ತಾರೆ. 8 ಅಥವಾ ಹೆಚ್ಚು ಜನ ಸರಿ ಹೇಳಿದರೆ ಪಟ್ಟಿ ಸೋರುತ್ತಿದೆ ಎಂದೇ ಅರ್ಥ, ಆ ಸರಕನ್ನು ಹಿಂದಕ್ಕೆ ಕಳಿಸಿ. 6 ಅಥವಾ 7 ಬಂದರೆ ಬೇರೆ 12 ಜನರಿಂದ ಮತ್ತೊಮ್ಮೆ ಮಾಡಿಸಿ. ಇಡೀ ಪರೀಕ್ಷೆಗೆ ಮೂರು ದಿನ ಸಾಕು, ಖರ್ಚು ಜಾಡಿಗಳದ್ದು ಮಾತ್ರ.

ಕೊನೆಯದಾಗಿ ಚಂದಾದಾರರ ವಿಷಯ. ಪರಿಮಳದ ಪಟ್ಟಿಯನ್ನು ಬೇರೆ ಕಾರ್ಡಾಗಿ ಸೇರಿಸುವುದಾದರೆ ಅದಿಲ್ಲದ ಪ್ರತಿಗಳನ್ನು ತಯಾರಿಸುವುದು ಬೈಂಡಿಂಗಿನವರಿಗೆ ಕಷ್ಟವಲ್ಲ. ಯಂತ್ರದಲ್ಲಿ ಕಾರ್ಡ್ ಸೇರಿಸುವ ಆ ಒಂದು ಸ್ಟೇಷನ್ ನಿಲ್ಲಿಸಿ ಕಡೆಯ ಕಂತು ಓಡಿಸಿದರೆ ಆಯಿತು. ವಿಳಾಸದ ಲೇಬಲಿನ ಮೂಲೆಯಲ್ಲಿ ಒಂದು ಗುರುತು ಸಾಕು. ಬೇಡ ಎಂದವರ ಹೆಸರುಗಳ ಯಾದಿಯನ್ನು ಚಂದಾ ವಿಭಾಗ ಒಮ್ಮೆ ಮಾಡಿಟ್ಟುಕೊಂಡರೆ ವರ್ಷವರ್ಷವೂ ಉಪಯೋಗಕ್ಕೆ ಬರುತ್ತದೆ. ಗ್ರಂಥಾಲಯಗಳಿಗೂ ಆಸ್ಪತ್ರೆಗಳಿಗೂ ಹೋಗುವ ಪ್ರತಿಗಳನ್ನು ಕೇಳದೆಯೇ ಆ ಯಾದಿಗೆ ಸೇರಿಸಿ.

ಮುಂದಿನ ವಿಶೇಷಾಂಕದ ದರಪಟ್ಟಿ ಜಾಹೀರಾತುದಾರರ ಕೈಸೇರುವ ಮೊದಲು, ಅದರ ಷರತ್ತುಗಳಲ್ಲಿ ಈ ಕೆಳಗಿನ ಸಾಲುಗಳನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇವೆ. ಬೇಕಿದ್ದರೆ ಹಾಗೇ ನಕಲು ಮಾಡಿಕೊಳ್ಳಿ:

"ಪರಿಮಳದ ಮಾದರಿಯನ್ನು ಕೋಟಿಂಗ್ ಇರುವ ಕಾಗದದ ಅಂಟಿಸಿದ ಮಡಿಕೆಯಲ್ಲಿ ಅಥವಾ ಫಾಯಿಲ್ ಸ್ಯಾಷೆಯಲ್ಲಿ ಮಾತ್ರ ಸ್ವೀಕರಿಸಲಾಗುವುದು. ಶಾಯಿಗೆ ಬೆರೆಸಿದ, ಸಿಂಪಡಿಸಿದ ಪರಿಮಳವನ್ನು ಸ್ವೀಕರಿಸುವುದಿಲ್ಲ. ಬೈಂಡಿಂಗ್ ಆದ ಪ್ರತಿಗಳ ಮೇಲೆ ಸೋರಿಕೆ ಪರೀಕ್ಷೆ ನಡೆಸಲಾಗುವುದು. ವಿಫಲವಾದರೆ ಮಾದರಿಯಿಲ್ಲದೆ ಪುಟವನ್ನಷ್ಟೇ ಮುದ್ರಿಸಲಾಗುವುದು, ಮರುಬೈಂಡಿಂಗ್ ವೆಚ್ಚ ಜಾಹೀರಾತುದಾರರದು. ಮಡಿಕೆಯ ಮೇಲೆ 'ಒಳಗೆ ಪರಿಮಳವಿದೆ, ಬೇಡದವರು ಬಿಡಿಸಬೇಡಿ, ಚರ್ಮಕ್ಕೆ ಉಜ್ಜಬೇಡಿ' ಎಂಬ ಸೂಚನೆ, ಅಲರ್ಜಿ ತರಬಲ್ಲ ವಸ್ತುಗಳ ಹೆಸರು ಮತ್ತು ಜೆಲಟಿನ್ ಇದ್ದರೆ ಅದರ ಉಲ್ಲೇಖ ಕನ್ನಡದಲ್ಲಿ ಇರತಕ್ಕದ್ದು."

ಇಂತಿ ನಿಮ್ಮ ವಿಶ್ವಾಸಿಗಳು,
ಮುದ್ರಣ, ಬೈಂಡಿಂಗ್ ಮತ್ತು ಸುಗಂಧ ತಯಾರಿಕೆಯ ಕೆಲಸಗಾರರು